ಡೇಟಿಂಗ್ ಶೋಗೆ ಮನಸ್ಸಲ್ಲೇ ಹೋಗಿ ಬರುವುದು ಹೇಗೆ? ಚಿಕ್ಕಬಳ್ಳಾಪುರದ ಬಸ್ಸಲ್ಲಿ ಕೂತು ಬರೆದ ಸಮಗ್ರ ಮಾರ್ಗದರ್ಶಿ

ನಾನು ದಿನಾ ಚಿಕ್ಕಬಳ್ಳಾಪುರದಿಂದ ಬೆಂಗಳೂರಿಗೆ ಬಸ್ಸಲ್ಲಿ ಹೋಗಿ ಬರುತ್ತೇನೆ. ಒಂದು ಕಡೆಗೆ ಸುಮಾರು 60 ಕಿಲೋಮೀಟರ್. ಹೋಗುವಾಗ ನಿದ್ದೆ, ಬರುವಾಗ ಫೋನು. ಒಂದು ಸಂಜೆ ಹೆಬ್ಬಾಳದ ಟ್ರಾಫಿಕ್ಕಲ್ಲಿ ಒಂದು ಡೇಟಿಂಗ್ ಶೋ ನೋಡುತ್ತಾ ಕೂತಿದ್ದೆ. ಹುಡುಗಿಯರೆಲ್ಲ ಸಾಲಾಗಿ ನಿಂತಿದ್ದರು. ಹುಡುಗ ಗುಲಾಬಿ ಕೊಟ್ಟವರು ಶೋನಲ್ಲಿ ಉಳಿಯುತ್ತಾರೆ, ಸಿಗದವರು ಮನೆಗೆ. ಕೊನೆಯ ಗುಲಾಬಿ ಯಾರಿಗೆ ಅಂತ ಗೊತ್ತಾಗೋ ಮೊದಲೇ ಫೋನ್ ಚಾರ್ಜ್ ಮುಗಿದುಹೋಯಿತು. ಮನೆ ಇನ್ನೂ ಒಂದೂವರೆ ಗಂಟೆ ದೂರ. ಮಾಡೋಕೆ ಬೇರೆ ಕೆಲಸ ಇರಲಿಲ್ಲ. ಆ ಸಾಲಿಗೆ ನಾನೂ ಹೋಗಿ ನಿಂತುಕೊಂಡೆ, ಮನಸ್ಸಲ್ಲೇ. ದೇವನಹಳ್ಳಿ ದಾಟುವಷ್ಟರಲ್ಲಿ ನನ್ನನ್ನು ಮನೆಗೆ ಕಳಿಸಿಬಿಟ್ಟಿದ್ದರು.

ಕಥೆ ನನ್ನದು, ಹುಡುಗನನ್ನು ಕಟ್ಟಿದ್ದೂ ನಾನೇ. ಆದರೂ ನನಗೆ ಗುಲಾಬಿ ಸಿಗಲಿಲ್ಲ. ಯಾಕೆ ಅಂತ ಯೋಚನೆ ಮಾಡುತ್ತಾ ಊರು ಬಂದದ್ದೇ ಗೊತ್ತಾಗಲಿಲ್ಲ. ಆಮೇಲೆ ಇದು ಚಟ ಆಯಿತು. ಅಣ್ಣನ ಹೆಂಡತಿಗೂ ಹಚ್ಚಿದೆ, ಆಫೀಸಿನ ಇಬ್ಬರಿಗೂ ಹಚ್ಚಿದೆ. ಮದುವೆ ಆದವರು, ಆಗದವರು, ಆಗುವುದೇ ಬೇಡ ಅನ್ನುವವರು, ಯಾರು ಬೇಕಾದರೂ ಆಡಬಹುದು. ಒಂದು ನೋಟ್‌ಬುಕ್ಕು, ಒಂದು ಪೆನ್ನು, ದಿನಕ್ಕೆ ಅರ್ಧ ಗಂಟೆಯ ಹಾಗೆ ಒಂದು ವಾರ ಹತ್ತು ದಿನ. ಇಷ್ಟಿದ್ದರೆ ಸಾಕು.

ಶುರು ಮಾಡೋ ಮೊದಲು ಎರಡು ಕಟ್ಟುಪಾಡು

ಒಂದು: ಎದುರಿನ ವ್ಯಕ್ತಿ ನಿಮಗೆ ಗೊತ್ತಿರುವವರು ಆಗಿರಬಾರದು. ಆಫೀಸಿನವರು, ಪಕ್ಕದ ಬೀದಿಯವರು ಬೇಡವೇ ಬೇಡ. ನಾನು ಶುರುವಿನಲ್ಲಿ ಇದೇ ತಪ್ಪು ಮಾಡಿದೆ. ಬಸ್ಸಲ್ಲಿ ದಿನಾ ಮುಂದಿನ ಸೀಟಲ್ಲಿ ಕೂರುವ ಒಬ್ಬರನ್ನು ಕಥೆಗೆ ಎಳೆದುಕೊಂಡೆ. ಪಾಪ, ಹಿಂದಿನ ಸಂಜೆ ನನ್ನನ್ನು ರಿಜೆಕ್ಟ್ ಮಾಡಿದ್ದು ಆ ಮನುಷ್ಯನಿಗೆ ಗೊತ್ತೇ ಇಲ್ಲ. ನಾನು ಮಾತ್ರ ಮೂರು ದಿನ ಅವರ ಮುಖ ತಪ್ಪಿಸಿಕೊಂಡು ಕೊನೇ ಸೀಟಲ್ಲಿ ಕುಲುಕಾಡಿಕೊಂಡು ಹೋದೆ.

ಎರಡು: ನಿಮ್ಮನ್ನು ನೀವು ತಿದ್ದಿಕೊಳ್ಳಬಾರದು. ಎತ್ತರ, ಸಂಬಳ, ಊರು, ಮುಂದಿನ ಹಲ್ಲಿನ ಸಂದು, ಎಲ್ಲ ಇದ್ದ ಹಾಗೇ ಇರಲಿ. ಶೋ ಬೇಕಾದಷ್ಟು ಥಳುಕಾಗಿರಲಿ. ಒಳಗೆ ಹೋಗುವವರು ಮಾತ್ರ ನೀವೇ. ತೆಳ್ಳಗಾದ, ಶ್ರೀಮಂತಳಾದ ಇನ್ನೊಬ್ಬಳನ್ನು ಕಳಿಸಿದರೆ ಅವಳು ಗೆದ್ದು ಬರುತ್ತಾಳೆ. ನಿಮಗೇನು ಲಾಭ?

ಹೆಜ್ಜೆ 1: ಯಾವ ಶೋ ಅಂತ ಮೊದಲು ಗೊತ್ತು ಮಾಡಿಕೊಳ್ಳಿ

ಎಲ್ಲ ಡೇಟಿಂಗ್ ಶೋ ಒಂದೇ ಅಲ್ಲ. ಆಟದ ನಿಯಮ ಬದಲಾದರೆ ಒಳಗಿರುವ ಮನುಷ್ಯರ ಬುದ್ಧಿಯೂ ಬದಲಾಗುತ್ತದೆ. ಅಮೆರಿಕದ ಎಬಿಸಿ ಚಾನೆಲ್‌ನಲ್ಲಿ 2002ರಲ್ಲಿ ಶುರುವಾದ ‘ದಿ ಬ್ಯಾಚುಲರ್’ನಲ್ಲಿ ಒಬ್ಬ ಗಂಡು, ಮೊದಲ ಸೀಸನ್‌ಗೆ 25 ಹೆಣ್ಣುಮಕ್ಕಳು. ಉಳಿದವರಿಗೆ ಗುಲಾಬಿ, ಉಳಿಯದವರಿಗೆ ಮನೆಗೆ ಕಳಿಸುವ ಕಾರು. ಇಲ್ಲಿ ಆಯ್ಕೆ ಮಾಡುವ ಅಧಿಕಾರ ಒಬ್ಬನ ಕೈಯಲ್ಲೇ ಇರುತ್ತದೆ. ಬ್ರಿಟನ್ನಿನಲ್ಲಿ 2015ರಲ್ಲಿ ಈಗಿನ ರೂಪಕ್ಕೆ ಬಂದ ‘ಲವ್ ಐಲ್ಯಾಂಡ್’ನಲ್ಲಿ ಎಲ್ಲರೂ ಒಂದು ಬಂಗಲೆಯಲ್ಲಿ ಇರುತ್ತಾರೆ. ಜೋಡಿ ಆಗುತ್ತಾರೆ, ಮುರಿಯುತ್ತಾರೆ, ಮತ್ತೆ ಆಗುತ್ತಾರೆ. ಜೋಡಿ ಇಲ್ಲದೆ ಉಳಿದವರಿಗೆ ಉಳಿಗಾಲ ಇಲ್ಲ. ಮೇಲಿಂದ ಜನರ ವೋಟು ಬೇರೆ. ನೆಟ್‌ಫ್ಲಿಕ್ಸ್‌ನಲ್ಲಿ 2020ರಲ್ಲಿ ಬಂದ ‘ಲವ್ ಈಸ್ ಬ್ಲೈಂಡ್’ನಲ್ಲಿ ಮುಖ ಕಾಣುವುದಿಲ್ಲ. ಗೋಡೆಯ ಆ ಕಡೆ ಒಬ್ಬರು, ಈ ಕಡೆ ಒಬ್ಬರು. ಬರೀ ಮಾತು. ಮದುವೆಗೆ ಒಪ್ಪಿದ ಮೇಲೆಯೇ ಮುಖ.

ನಮ್ಮ ದೇಶದ್ದು ಬೇಕು ಅಂದರೆ ಎಂಟಿವಿಯಲ್ಲಿ 2008ರಿಂದ ಬರುತ್ತಿರುವ ‘ಸ್ಪ್ಲಿಟ್ಸ್‌ವಿಲ್ಲಾ’ ಇದೆ. 2009ರಲ್ಲಿ ನಟಿ ರಾಖಿ ಸಾವಂತ್ ಟಿವಿಯಲ್ಲೇ ಸ್ವಯಂವರ ನಡೆಸಿದ್ದು ನೆನಪಿದೆಯಾ? ಆಗ ನಮ್ಮನೆಯಲ್ಲಿ ಹಿಂದಿ ಬಾರದ ಅಜ್ಜಿಯೂ ಕೂತು ನೋಡುತ್ತಿದ್ದರು. ಕೊನೆಯಲ್ಲಿ ನಿಶ್ಚಿತಾರ್ಥ ಆಯಿತು, ಮದುವೆ ಆಗಲಿಲ್ಲ. ಅಜ್ಜಿಗೆ ತುಂಬಾ ಬೇಜಾರಾಯಿತು.

ಮೊದಲ ಸಲ ಆಡುವವರು ಗೋಡೆಯ ಆಟ ತೆಗೆದುಕೊಳ್ಳಿ ಅಂತ ನಾನು ಹೇಳುತ್ತೇನೆ. ಬಟ್ಟೆಯ ಚಿಂತೆ ಇಲ್ಲ, ಮುಖ ಕಲ್ಪಿಸೋ ಕಷ್ಟ ಇಲ್ಲ. ಆದರೆ ಈ ಮಾರ್ಗದರ್ಶಿಗೆ ನಾನು ಗುಲಾಬಿ ಆಟವನ್ನೇ ಇಟ್ಟುಕೊಂಡಿದ್ದೇನೆ. ಕಾರಣ ಆ ಕೊನೆಯ ಕಾರು. ಅದರ ವಿಷಯಕ್ಕೆ ಆಮೇಲೆ ಬರುತ್ತೇನೆ.

ಹೆಜ್ಜೆ 2: ಅರ್ಜಿ ತುಂಬಿ

ನಿಜವಾದ ಶೋಗಳಿಗೂ ಅರ್ಜಿ ಇರುತ್ತದೆ. ವಯಸ್ಸು, ಕೆಲಸ, ಊರು, ಹಿಂದಿನ ಸಂಬಂಧ ಯಾಕೆ ಮುರಿಯಿತು, ಯಾಕೆ ಬರಬೇಕು ಅನ್ನಿಸಿತು. ಇದನ್ನೆಲ್ಲ ಪೆನ್ನಲ್ಲೇ ಬರೆಯಿರಿ. ಬರೆಯುವಾಗ ಮದುವೆ ಬಯೋಡೇಟಾದ ಗಾಳಿ ಬೀಸುತ್ತದೆ. ‘ಸಂಪ್ರದಾಯಸ್ಥ ಕುಟುಂಬ, ಒಳ್ಳೆಯ ಗುಣ, ಹೋಮ್ಲಿ’ ಅಂತ ಕೈ ತಾನಾಗೇ ಓಡುತ್ತದೆ. ಅದನ್ನು ಹೊಡೆದುಹಾಕಿದರೆ ಇನ್ನೊಂದು ಗಾಳಿ. ‘ಟ್ರಾವೆಲ್ ಇಷ್ಟ, ಫುಡೀ, ಫನ್ ಲವಿಂಗ್.’ ಅದನ್ನೂ ಹೊಡೆಯಿರಿ.

ಇಲ್ಲಿ ನನ್ನದೊಂದು ಅಳತೆ ಇದೆ. ನೀವು ಬರೆದ ವಾಕ್ಯವನ್ನು ನಿಮ್ಮ ಬೀದಿಯ ಇನ್ನೊಬ್ಬರೂ ಬರೆಯಬಹುದು ಅಂದರೆ ಅದು ನಿಮ್ಮ ವಾಕ್ಯ ಅಲ್ಲ. ‘ನಾನು ತುಂಬಾ ಕೇರಿಂಗ್’ ಅಂತ ಬರೆದಿದ್ದ ನನ್ನ ಅತ್ತಿಗೆ ಮೂರು ಸಲ ಹೊಡೆದು ಕೊನೆಗೆ ಬರೆದದ್ದು ಇದು: ‘ಮನೆಯವರೆಲ್ಲ ಊಟ ಮಾಡಿದ ಮೇಲೆ ಎಷ್ಟು ಮುದ್ದೆ ಉಳಿಯುತ್ತೆ ಅಂತ ನಾನು ಹೇಳಿದ್ದು ಇವತ್ತಿನವರೆಗೂ ತಪ್ಪಿಲ್ಲ.’ ಇದರಲ್ಲಿ ಕೇರಿಂಗ್ ಅನ್ನೋ ಪದ ಇಲ್ಲ. ಆದರೆ ಯಾರಿಗೆ ಎಷ್ಟು ಹಸಿವು ಅಂತ ನೋಡುವ ಒಬ್ಬಳು ಮನುಷ್ಯಳು ಇದ್ದಾಳೆ.

ಆಮೇಲೆ ಟಿವಿಯಲ್ಲಿ ನಿಮ್ಮ ಮುಖದ ಕೆಳಗೆ ಬರುವ ಪಟ್ಟಿ. ಹೆಸರು, ವಯಸ್ಸು, ಕೆಲಸ, ಊರು. ನಾಲ್ಕೇ ಪದ. ನಮ್ಮ ಕಡೆಯವರಿಗೆ ಊರು ಬರೆಯುವಾಗಲೇ ಒಂದು ಪರೀಕ್ಷೆ. ಚಿಕ್ಕಬಳ್ಳಾಪುರ ಅಂತ ಬರೆಯುತ್ತೀರಾ, ‘ಬೆಂಗಳೂರಿನ ಹತ್ತಿರ’ ಅಂತ ಬರೆಯುತ್ತೀರಾ? 2007ರಲ್ಲಿ ಬೇರೆ ಜಿಲ್ಲೆ ಆಗುವ ತನಕ ನಾವು ಕೋಲಾರದವರು. ನಮ್ಮಪ್ಪ ಈಗಲೂ ಬಾಯಿತಪ್ಪಿ ಕೋಲಾರ ಡಿಸ್ಟ್ರಿಕ್ಟ್ ಅನ್ನುತ್ತಾರೆ. ನಾನು ಮೊದಲ ಸಲ ‘ಬೆಂಗಳೂರು’ ಅಂತಲೇ ಬರೆದೆ. ಬರೆದು ಒಂದು ನಿಮಿಷ ಅದನ್ನೇ ನೋಡುತ್ತಾ ಕೂತೆ. ಆಟ ಅಲ್ಲೇ ಶುರುವಾಯಿತು.

ಹೆಜ್ಜೆ 3: ಬ್ಯಾಗು

ಇದಕ್ಕೆ ಜಾಸ್ತಿ ಹೊತ್ತು ಬೇಡ. ಬಟ್ಟೆ ನಿಮ್ಮದೇ ಒಯ್ಯಬೇಕು, ಬೀರುವಿನಲ್ಲಿ ಇರುವುದು ಮಾತ್ರ. ಫೋನನ್ನು ಬಾಗಿಲಲ್ಲೇ ಇಸಿದುಕೊಳ್ಳುತ್ತಾರೆ. ಊರಿನ ಒಂದು ವಸ್ತು ಒಯ್ಯಬಹುದು. ನಾನು ಚಟ್ನಿಪುಡಿ ಒಯ್ದೆ. ಆಫೀಸಿನ ಒಬ್ಬರು, ಶಿಡ್ಲಘಟ್ಟದವರು, ಒಂದು ರೇಷ್ಮೆ ಗೂಡು ಒಯ್ದರು. ಅದು ನನ್ನ ಚಟ್ನಿಪುಡಿಗಿಂತ ನೂರು ಪಾಲು ಚೆನ್ನಾಗಿತ್ತು, ಒಪ್ಪಿಕೊಳ್ಳುತ್ತೇನೆ.

ಹೆಜ್ಜೆ 4: ಮೊದಲ ಮಾತು

ಶೋನಲ್ಲಿ ಉದ್ದನೆಯ ಕಾರಿಂದ ಇಳಿಯುತ್ತಾರೆ. ನಾವು ಆಟೋದಿಂದಲೇ ಇಳಿಯೋಣ. ನಂದಿ ಬೆಟ್ಟದ ಬುಡದಲ್ಲಿ ಭೋಗನಂದೀಶ್ವರ ದೇವಸ್ಥಾನದ ಕಲ್ಯಾಣಿ ಇದೆಯಲ್ಲ, ಆ ಮೆಟ್ಟಿಲುಗಳನ್ನು ಕಣ್ಣಿಗೆ ತಂದುಕೊಳ್ಳಿ. ಅಲ್ಲಿ ಆ ವ್ಯಕ್ತಿ ನಿಂತಿದ್ದಾರೆ. ನಿಮಗೆ ಅರ್ಧ ನಿಮಿಷ ಇದೆ. ಹಿಂದೆ ಇನ್ನೂ ಇಪ್ಪತ್ತು ಆಟೋ ಕಾಯುತ್ತಿವೆ.

ಮಾತನ್ನು ಮೊದಲು ಬರೆಯಿರಿ, ಆಮೇಲೆ ಗಟ್ಟಿಯಾಗಿ ಹೇಳಿ. ಇದು ಮುಖ್ಯ. ನಾನು ಬರೆದದ್ದು ಕಾಗದದ ಮೇಲೆ ಕವಿತೆ ಹಾಗಿತ್ತು. ಕನ್ನಡಿ ಮುಂದೆ ಹೇಳಿದಾಗ ಅಮ್ಮ ಅಡುಗೆಮನೆಯಿಂದ ಕೇಳಿದರು, ‘ಯಾರ ಮೇಲೆ ರೇಗಾಡ್ತಿದ್ದೀಯ?’

ಎದುರಿನವರು ಉತ್ತರ ಕೊಡಲು ಆಗುವಂಥ ಮಾತು ಇರಲಿ. ‘ನಿಮ್ಮನ್ನು ನೋಡಿ ತುಂಬಾ ಖುಷಿ ಆಯ್ತು’ ಅಂದರೆ ಅವರು ‘ನನಗೂ’ ಅನ್ನಬೇಕು, ಅಲ್ಲಿಗೆ ಮುಗಿಯಿತು. ಈಗ ನಾನು ಹೇಳೋದು ಇಷ್ಟೇ: ‘ಚಪ್ಪಲಿ ಎಲ್ಲಿ ಬಿಟ್ರಿ? ನನ್ನದೂ ಅಲ್ಲೇ ಬಿಡ್ತೀನಿ.’ ದೇವಸ್ಥಾನದಲ್ಲಿ ಇಬ್ಬರು ಹೊಸಬರು ಆಡಬಹುದಾದ ಮೊದಲ ಮಾತು ಇದೇ ಅಲ್ವಾ.

ಹೆಜ್ಜೆ 5: ಮನೆ ತುಂಬಿಸಿ

ಎಲ್ಲರೂ ಈ ಹೆಜ್ಜೆ ಹಾರಿ ನೇರ ಡೇಟ್‌ಗೆ ಓಡುತ್ತಾರೆ. ಹಾರಬೇಡಿ. ಇಂಥ ಶೋನಲ್ಲಿ ಸ್ಪರ್ಧಿಗೆ ಆ ಒಬ್ಬ ವ್ಯಕ್ತಿ ಸಿಗುವುದು ಬಹಳ ಕಡಿಮೆ ಹೊತ್ತು. ಉಳಿದ ಹೊತ್ತೆಲ್ಲ ಇತರ ಸ್ಪರ್ಧಿಗಳ ಜೊತೆ. ಫೋನಿಲ್ಲ, ಟಿವಿ ಇಲ್ಲ. ಕಾಯುವುದು, ಕಾಫಿ ಕುಡಿಯುವುದು, ಮತ್ತೆ ಕಾಯುವುದು. ಸೊಂಟಕ್ಕೆ ಮೈಕಿನ ಡಬ್ಬಿ ಕಟ್ಟಿರುತ್ತಾರೆ. ಗುಟ್ಟು ಮಾತಾಡೋಕೆ ಮೂಲೆಗೆ ಹೋದರೂ ಆ ಡಬ್ಬಿ ಜೊತೆಗೇ ಬರುತ್ತದೆ.

ಐದು ಜನರನ್ನು ಕಟ್ಟಿ. ಒಬ್ಬಳು ಜಗಳಗಂಟಿ, ಒಬ್ಬಳು ಅಳುಮುಂಜಿ ಅಂತ ಸೀರಿಯಲ್ ಥರ ಮಾಡಬೇಡಿ. ಪ್ರತಿಯೊಬ್ಬರಿಗೂ ನಿಮಗೆ ಹೊಟ್ಟೆಕಿಚ್ಚು ಆಗುವಂಥ ಒಂದು ಗುಣ ಕೊಡಿ. ನಿಜವಾಗಲೂ ಕಿಚ್ಚು ಹತ್ತಬೇಕು. ನನ್ನ ಮನೆಯಲ್ಲಿ ತುಮಕೂರಿನವಳು ಒಬ್ಬಳಿದ್ದಾಳೆ. ಯಾರ ಜೊತೆ ಬೇಕಾದರೂ ಸಲೀಸಾಗಿ ಮಾತು ಶುರು ಮಾಡುತ್ತಾಳೆ, ತಟ್ಟೆ ಇಡ್ಲಿ ಬಗ್ಗೆಯೇ ಹತ್ತು ನಿಮಿಷ ನಗಿಸುತ್ತಾಳೆ. ಮುಳಬಾಗಿಲಿನವಳು ಒಬ್ಬಳು. ಅವಳಿಗೆ ಬೇಡ ಅನ್ನೋಕೆ ಬರುತ್ತದೆ. ಯಾರಾದರೂ ‘ಇದು ತಿನ್ನು’ ಅಂದರೆ ‘ನಂಗೆ ಬೇಡ’ ಅನ್ನುತ್ತಾಳೆ, ಕಾರಣ ಕೊಡುವುದಿಲ್ಲ. ನನಗೆ ಬೇಡ ಅನ್ನೋಕೆ ಮೂರು ಕಾರಣ, ಎರಡು ಸುಳ್ಳು ಬೇಕು.

ಪಟ್ಟಿ ಮುಗಿದ ಮೇಲೆ ಓದಿ ನೋಡಿ. ಆ ಐದು ಗುಣಗಳೂ ನಿಮ್ಮಲ್ಲಿ ಇಲ್ಲ ಅಂತ ನಿಮಗೆ ಅನ್ನಿಸಿರುವ ಗುಣಗಳು. ನಾನು ಇದನ್ನು ಬೇಕು ಅಂತ ಮಾಡಿರಲಿಲ್ಲ. ಹಾಗೆ ಆಗಿಬಿಟ್ಟಿತ್ತು.

ಹೆಜ್ಜೆ 6: ಒಂದೇ ಡೇಟ್, ಎರಡು ಸಲ

ಶೋಗಳಲ್ಲಿ ಡೇಟ್ ಅಂದರೆ ಹೆಲಿಕಾಪ್ಟರು, ಬಂಜೀ ಜಂಪು, ಎತ್ತರದ ಕಟ್ಟಡ. ಯಾಕೆ ಅಂದುಕೊಂಡಿರಿ? ನೋಡೋಕೆ ಚೆಂದ ಅನ್ನೋದು ಒಂದು. ಇನ್ನೊಂದು ಕಾರಣ ಹಳೆಯ ಪ್ರಯೋಗವೊಂದರಲ್ಲಿದೆ. 1974ರಲ್ಲಿ ಡಟನ್ ಮತ್ತು ಆರನ್ ಅನ್ನುವ ಇಬ್ಬರು ಮನಶ್ಶಾಸ್ತ್ರಜ್ಞರು ಕೆನಡಾದ ವ್ಯಾಂಕೋವರ್ ಹತ್ತಿರದ ಕ್ಯಾಪಿಲಾನೋ ತೂಗುಸೇತುವೆಯಲ್ಲಿ ಇದನ್ನು ಮಾಡಿದರು. ಸೇತುವೆ ನದಿಯಿಂದ ಸುಮಾರು 230 ಅಡಿ ಮೇಲಿದೆ, ನಡೆದರೆ ತೂಗಾಡುತ್ತದೆ. ಅದರ ಮೇಲೆ ಒಬ್ಬ ಯುವತಿ ಗಂಡಸರನ್ನು ನಿಲ್ಲಿಸಿ ಕೆಲವು ಪ್ರಶ್ನೆ ಕೇಳಿ, ‘ಆಮೇಲೆ ಬೇಕಾದರೆ ಫೋನ್ ಮಾಡಿ’ ಅಂತ ನಂಬರ್ ಕೊಟ್ಟಳು. ಹತ್ತಿರದಲ್ಲೇ ಇದ್ದ ತಗ್ಗಿನ, ಅಲುಗಾಡದ ಸೇತುವೆಯ ಮೇಲೂ ಹೀಗೇ ಮಾಡಿದರು. ತೂಗುವ ಸೇತುವೆಯಲ್ಲಿ ನಂಬರ್ ತೆಗೆದುಕೊಂಡ 18 ಜನರಲ್ಲಿ 9 ಜನ ಫೋನ್ ಮಾಡಿದರು. ಗಟ್ಟಿ ಸೇತುವೆಯ 16 ಜನರಲ್ಲಿ ಇಬ್ಬರೇ. ಭಯಕ್ಕೆ ಬಡಿದುಕೊಂಡ ಎದೆ ‘ಇದು ಅವಳಿಂದಲೇ’ ಅಂದುಕೊಂಡಿತು ಅಂತ ಅವರು ಹೇಳಿದರು.

ನಮಗೆ ಕೆನಡಾ ಯಾಕೆ, ನಂದಿ ಬೆಟ್ಟದ ಕಡಿದಾದ ಅಂಚು ಟಿಪ್ಪು ಡ್ರಾಪ್ ಇದೆ. ನಂದಿ ಬೆಟ್ಟ 1478 ಮೀಟರ್. ಬೆಳಗಿನ ಜಾವ ಮಂಜು ಕೆಳಗಿಂದ ಎದ್ದು ಕಂಬಿಯ ತನಕ ಬರುತ್ತದೆ. ಕೆಳಗೆ ನೋಡಿದರೆ ಬಿಳಿ ಬಿಟ್ಟು ಏನೂ ಇಲ್ಲ. ಮೊದಲು ಆ ವ್ಯಕ್ತಿಯನ್ನು ಅಲ್ಲಿಗೆ ಕರೆದುಕೊಂಡು ಹೋಗಿ. ಚಳಿ, ಕಾಲು ನಡುಕ, ಕೋತಿ ಬಂದು ಕೈಯಲ್ಲಿದ್ದ ಜೋಳ ಕಿತ್ತುಕೊಂಡು ಹೋಗುವುದು, ಎಲ್ಲ ಇರಲಿ. ಇಬ್ಬರೂ ಏನು ಮಾತಾಡಿದಿರಿ ಅಂತ ಒಂದು ಪುಟ ಬರೆಯಿರಿ.

ಮಾರನೇ ದಿನ ಅದೇ ವ್ಯಕ್ತಿಯ ಜೊತೆ ಇನ್ನೊಂದು ಡೇಟ್. ಈ ಸಲ ಯಾವುದೋ ಸರ್ಕಾರಿ ಕಚೇರಿಯಲ್ಲಿ, ಪಹಣಿಯದೋ ಆಧಾರ್‌ದೋ ಕ್ಯೂ. ಸರ್ವರ್ ಡೌನ್. ಫ್ಯಾನ್ ಶಬ್ದ ಮಾಡುತ್ತಿದೆ, ಗಾಳಿ ಬರುತ್ತಿಲ್ಲ. ಎರಡು ಗಂಟೆ. ಏನು ಮಾತಾಡಿದಿರಿ, ಬರೆಯಿರಿ.

ಬೆಟ್ಟದ ಪುಟ ತುಂಬಿ, ಕ್ಯೂ ಪುಟದಲ್ಲಿ ಮೂರು ಸಾಲು ಬಂದರೆ ಎದೆ ಬಡಿದಿದ್ದು ಬೆಟ್ಟಕ್ಕೆ. ನನ್ನ ಮೊದಲ ನಾಯಕನಿಗೆ ಹಾಗೇ ಆಯಿತು. ಬೆಟ್ಟದ ಮೇಲೆ ಎಷ್ಟು ಚೆನ್ನಾಗಿ ಮಾತಾಡಿದ್ದವನು ಕ್ಯೂನಲ್ಲಿ ನಿಂತ ಕೂಡಲೇ ಗುಮಾಸ್ತರಿಗೆ ಬಯ್ಯೋಕೆ ಶುರು ಮಾಡಿದ. ನಾನೇ ಬರೆಯುತ್ತಿರುವ ಮನುಷ್ಯ ನನ್ನ ಕೈ ಮೀರಿ ಹೋದ. ಅವನನ್ನು ಬಿಟ್ಟು ಹೊಸಬನನ್ನು ಕಟ್ಟಬೇಕಾಯಿತು.

ಬಿಡಬಹುದು ಅನ್ನೋದೂ ನೆನಪಿರಲಿ. ಅಮೆರಿಕದಲ್ಲಿ 1965ರಲ್ಲೇ ಶುರುವಾದ ‘ದಿ ಡೇಟಿಂಗ್ ಗೇಮ್’ ಅನ್ನುವ ಶೋನಲ್ಲಿ, 1978ರಲ್ಲಿ ರಾಡ್ನಿ ಅಲ್ಕಾಲಾ ಅನ್ನುವವನು ಸ್ಪರ್ಧಿಯಾಗಿ ಬಂದು ಗೆದ್ದ. ಪರದೆಯ ಹಿಂದಿನ ಮಾತು ಕೇಳಿ ಅವನನ್ನು ಆರಿಸಿದ ಯುವತಿ ಆಮೇಲೆ ಅವನ ಜೊತೆ ಡೇಟ್‌ಗೆ ಹೋಗಲು ಒಪ್ಪಲಿಲ್ಲ. ಏನೋ ಸರಿ ಇಲ್ಲ ಅನ್ನಿಸಿತು ಅಷ್ಟೇ. ಅವನು ಸರಣಿ ಕೊಲೆಗಾರ ಅಂತ ಜಗತ್ತಿಗೆ ಗೊತ್ತಾಗಿದ್ದು ಆಮೇಲೆ. ಆಟದಲ್ಲಿ ಗೆದ್ದ ಅಂತ ಜೊತೆಗೆ ಹೋಗಲೇಬೇಕು ಅನ್ನೋ ನಿಯಮ ಎಲ್ಲೂ ಇಲ್ಲ. ನಿಮ್ಮ ನೋಟ್‌ಬುಕ್ಕಲ್ಲಂತೂ ಇಲ್ಲವೇ ಇಲ್ಲ.

ಮಾತು ತೋಚದಿದ್ದರೆ ಒಂದು ಉಪಾಯ. ಅದೇ ಆರ್ಥರ್ ಆರನ್ ಮತ್ತು ಜೊತೆಗಾರರು 1997ರಲ್ಲಿ 36 ಪ್ರಶ್ನೆಗಳ ಒಂದು ಪಟ್ಟಿ ಪ್ರಕಟಿಸಿದರು. ಹೊಸಬರಿಬ್ಬರು ಅದನ್ನು ಒಬ್ಬರಿಗೊಬ್ಬರು ಕೇಳುತ್ತಾ ಹೋದರೆ ಹತ್ತಿರ ಆಗುತ್ತಾರಾ ಅಂತ ನೋಡಲು. ಊಟಕ್ಕೆ ಯಾರನ್ನಾದರೂ ಕರೆಯಬಹುದಾದರೆ ಯಾರನ್ನು ಕರೆಯುತ್ತೀರಿ ಅನ್ನುವುದರಿಂದ ಶುರುವಾಗಿ ಮೆಲ್ಲಗೆ ಆಳಕ್ಕೆ ಇಳಿಯುತ್ತವೆ. ನಮ್ಮ ಕಡೆಯವರು ಇದಕ್ಕೆ ಒಂದು ಸೇರಿಸಬೇಕು: ಯಾವ ಭಾಷೆಯಲ್ಲಿ ಜಗಳ ಆಡುತ್ತೀರಿ? ನಮ್ಮನೆಯಲ್ಲಿ ಲೆಕ್ಕ ಕನ್ನಡದಲ್ಲಿ, ಜಗಳ ತೆಲುಗಿನಲ್ಲಿ. ಅಮ್ಮನ ಮುದ್ದೂ ತೆಲುಗೇ. ನನ್ನ ಕಲ್ಪನೆಯ ಹುಡುಗನಿಗೆ ತೆಲುಗು ಬರುತ್ತಿರಲಿಲ್ಲ. ಅವನಿಗೆ ನನ್ನ ಅರ್ಧ ಸಿಟ್ಟು ತಲುಪುವುದೇ ಇಲ್ಲವಲ್ಲ ಅಂತ ಆವತ್ತು ಹೊಳೆಯಿತು.

ಹೆಜ್ಜೆ 7: ಕ್ಯಾಮೆರಾ ಮುಂದಿನ ಕುರ್ಚಿ, ಆಮೇಲೆ ಕತ್ತರಿ

ಬಿಗ್ ಬಾಸ್ ನೋಡಿದವರಿಗೆ ಕನ್ಫೆಷನ್ ರೂಮ್ ಗೊತ್ತೇ ಇದೆ. ಡೇಟಿಂಗ್ ಶೋನಲ್ಲೂ ಸ್ಪರ್ಧಿಯನ್ನು ಒಂಟಿಯಾಗಿ ಕೂರಿಸಿ ಮಾತಾಡಿಸುತ್ತಾರೆ. ಕೇಳುವವರ ದನಿ ನಮಗೆ ಕೇಳಿಸುವುದಿಲ್ಲ. ಅದಕ್ಕೇ ಪ್ರಶ್ನೆಯನ್ನೂ ಸೇರಿಸಿ ಪೂರ್ತಿ ವಾಕ್ಯದಲ್ಲಿ ಉತ್ತರ ಹೇಳಿಸುತ್ತಾರೆ. ‘ಹೌದು, ಬೇಜಾರಾಯ್ತು’ ಅಂದರೆ ಆಗುವುದಿಲ್ಲ. ‘ಅವಳಿಗೆ ಗುಲಾಬಿ ಸಿಕ್ಕಾಗ ನನಗೆ ಬೇಜಾರಾಯ್ತು’ ಅನ್ನಬೇಕು.

ಕುರ್ಚಿ ಹಾಕಿಕೊಂಡು ಗೋಡೆಗೆ ಮುಖ ಮಾಡಿ ಕೂತು, ಹೀಗೆ ಪೂರ್ತಿ ವಾಕ್ಯಗಳಲ್ಲಿ ಐದು ನಿಮಿಷ ಮಾತಾಡಿ. ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡು ಬರೆದುಕೊಳ್ಳಿ. ನಾನು ಆ ತುಮಕೂರಿನವಳ ಬಗ್ಗೆ ಹೇಳಿದ್ದು ಹೀಗಿತ್ತು:

‘ಅವಳು ಚೆನ್ನಾಗಿ ಮಾತಾಡ್ತಾಳೆ. ಅವಳನ್ನು ಕಂಡರೆ ನನಗೆ ಹೊಟ್ಟೆ ಉರಿಯುತ್ತೆ ಅಂತ ಎಲ್ಲರೂ ಅಂದುಕೊಂಡಿದ್ದಾರೆ. ನಿನ್ನೆ ರಾತ್ರಿ ಚಳಿಗೆ ನನಗೆ ತನ್ನ ಶಾಲು ಹೊದಿಸಿದಳು. ಅವಳು ಮನೆಗೆ ಹೋಗಬೇಕು ಅಂತ ನಾನು ಯಾವತ್ತೂ ಅಂದುಕೊಂಡಿಲ್ಲ.’

ಈಗ ಕತ್ತರಿ ತೆಗೆದುಕೊಳ್ಳಿ. ನಿಜವಾದ ಕತ್ತರಿ. ಎಡಿಟರ್ ಆಗಿ ನಿಮ್ಮನ್ನೇ ವಿಲನ್ ಮಾಡಿ. ಒಂದು ಪದವನ್ನೂ ಸೇರಿಸುವ ಹಾಗಿಲ್ಲ, ಕತ್ತರಿಸಬಹುದು ಅಷ್ಟೇ. ನನ್ನದು ಹೀಗಾಯಿತು:

‘ಅವಳು ಚೆನ್ನಾಗಿ ಮಾತಾಡ್ತಾಳೆ. ಅವಳನ್ನು ಕಂಡರೆ ನನಗೆ ಹೊಟ್ಟೆ ಉರಿಯುತ್ತೆ. ಅವಳು ಮನೆಗೆ ಹೋಗಬೇಕು.’

ಎರಡು ಬಾಲ ಕತ್ತರಿಸಿದೆ, ಶಾಲಿನ ಸಾಲು ಎತ್ತಿ ಪಕ್ಕಕ್ಕಿಟ್ಟೆ. ಎಲ್ಲ ಪದವೂ ನನ್ನ ಬಾಯಿಂದಲೇ ಬಂದದ್ದು. ಕನ್ನಡದಲ್ಲಿ ಇದು ಸಲೀಸು. ‘ಇಲ್ಲ’ವೂ ‘ಅಂದುಕೊಂಡಿದ್ದಾರೆ’ಯೂ ನಮ್ಮಲ್ಲಿ ವಾಕ್ಯದ ತುದಿಯಲ್ಲೇ ಬರೋದು. ತುದಿ ಹಾರಿಸಿದರೆ ಅರ್ಥವೇ ತಲೆಕೆಳಗು. ಬೇರೆ ಬೇರೆ ಕಡೆಯ ಮಾತಿನ ತುಂಡು ಜೋಡಿಸಿ ಹೊಸ ವಾಕ್ಯ ಕಟ್ಟುವುದಕ್ಕೆ ಆ ಉದ್ಯಮದಲ್ಲಿ ಫ್ರಾಂಕನ್‌ಬೈಟ್ ಅನ್ನುತ್ತಾರೆ. ಹೆಣದ ತುಂಡು ಹೊಲಿದು ಮಾಡಿದ ಭೂತದ ಕಥೆ ‘ಫ್ರಾಂಕನ್‌ಸ್ಟೈನ್’ ಇದೆಯಲ್ಲ, ಅದರ ನೆನಪಿಗೆ.

ಈ ಹೆಜ್ಜೆಯನ್ನು ಎರಡನೇ ಸಲ ತಿರುಗಿಸಿಯೂ ಮಾಡಿ. ಅದೇ ಪುಟವನ್ನು ಕತ್ತರಿಸಿ ನಿಮ್ಮನ್ನು ದೇವತೆ ಮಾಡಿ. ಅದೂ ಅಷ್ಟೇ ಸುಲಭ. ನಾಲ್ಕು ಜನರ ಮುಂದೆ ನಮ್ಮ ಕಥೆ ಹೇಳುವಾಗ ನಾವು ದಿನಾ ಇದನ್ನೇ ಮಾಡುತ್ತಿರುತ್ತೇವೆ, ಕತ್ತರಿ ಮಾತ್ರ ಕಾಣುವುದಿಲ್ಲ.

ಹೆಜ್ಜೆ 8: ಅವರನ್ನು ಊರಿಗೆ ಕರೆದುಕೊಂಡು ಬನ್ನಿ

ಬ್ಯಾಚುಲರ್ ಆಟದಲ್ಲಿ ಸಾಮಾನ್ಯವಾಗಿ ನಾಲ್ವರು ಉಳಿದಾಗ ಆ ವ್ಯಕ್ತಿ ಪ್ರತಿಯೊಬ್ಬರ ಊರಿಗೂ ಹೋಗುತ್ತಾನೆ. ಮನೆಯವರನ್ನು ನೋಡುತ್ತಾನೆ. ಅಪ್ಪ ಅವನನ್ನು ಹಿತ್ತಿಲಿಗೆ ಕರೆದುಕೊಂಡು ಹೋಗಿ ಗಂಭೀರವಾಗಿ ಮಾತಾಡುತ್ತಾರೆ. ಅಮೆರಿಕದವರಿಗೆ ಇದು ಕೊನೆಕೊನೆಗೆ ಬರುವ ಘಟ್ಟ. ನಮಗೆ ಮೊದಲ ದಿನವೇ ಬರುವುದು.

ತಿಂಡಿಗೆ ಉಪ್ಪಿಟ್ಟು ಬೇಡ. ಯಾಕೆ ಅಂತ ಕೊನೆಯಲ್ಲಿ ಹೇಳುತ್ತೇನೆ. ಡಿಸೆಂಬರ್ ಜನವರಿ ಅಂತ ಇಟ್ಟುಕೊಳ್ಳಿ, ಅವರೆಕಾಯಿ ಕಾಲ. ಮನೆ ತುಂಬಾ ಸೊಗಡಿನ ವಾಸನೆ. ಆ ವ್ಯಕ್ತಿಯನ್ನು ನೇರ ಹಜಾರದ ಸೋಫಾ ಮೇಲೆ ಕೂರಿಸಬೇಡಿ. ಅಮ್ಮ, ಚಿಕ್ಕಮ್ಮ, ಅತ್ತಿಗೆ ನೆಲದ ಮೇಲೆ ಕೂತು ನೆನೆಸಿದ ಅವರೆಕಾಳು ಹಿತುಕುತ್ತಿರುವ ಕಡೆಗೆ ಕರೆದುಕೊಂಡು ಹೋಗಿ. ಕಾಳನ್ನು ಹೆಬ್ಬೆರಳು ತೋರುಬೆರಳ ನಡುವೆ ಹಿಡಿದು ಒತ್ತಬೇಕು. ಬೇಳೆ ಪುಳಕ್ ಅಂತ ಹಾರಿ ಪಾತ್ರೆಗೆ ಬೀಳುತ್ತದೆ. ಹೊಸಬರು ಒತ್ತಿದರೆ ಚಿಕ್ಕಮ್ಮನ ಕನ್ನಡಕಕ್ಕೆ ಬೀಳುತ್ತದೆ. ಅರ್ಧ ಗಂಟೆ ಕೂತರೆ ಬೆರಳ ತುದಿ ಸುಕ್ಕುಗಟ್ಟುತ್ತದೆ. ಕೈಯಲ್ಲಿ ಕೆಲಸ ಇದ್ದಾಗ ಯಾರೂ ಯಾರ ಮುಖ ನೋಡುವುದಿಲ್ಲ. ಆಗಲೇ ನಿಜವಾದ ಪ್ರಶ್ನೆಗಳು ಬರುವುದು. ಅವನು ಕೂರುತ್ತಾನಾ? ನೆಲದ ಮೇಲೆ? ಒಂದು ಕಾಳು ಹಿತುಕಿ ಸಾಕು ಅಂತ ಏಳುತ್ತಾನಾ, ಸಾರಿಗೆ ಆಗುವಷ್ಟು ಆಗುವ ತನಕ ಇರುತ್ತಾನಾ?

ಇಲ್ಲೊಂದು ಕಹಿ ವಿಷಯ ಇದೆ. ಬಿಡುವಂತಿಲ್ಲ. ದೊಡ್ಡಪ್ಪ ಬಂದು ಕೂರುತ್ತಾರೆ. ‘ನಿಮ್ಮದು ಯಾವ ಕಡೆ?’ ಅನ್ನುತ್ತಾರೆ. ಆಮೇಲೆ ಸ್ವಲ್ಪ ಸುತ್ತಿ ಬಳಸಿ, ‘ಯಾವ ಪೈಕಿ?’ ಅನ್ನುತ್ತಾರೆ. ಟಿವಿ ಶೋನಲ್ಲಿ ಈ ಪ್ರಶ್ನೆ ಬರುವುದಿಲ್ಲ. ನಮ್ಮ ಹಜಾರದಲ್ಲಿ ಬರದೆ ಇರುವುದಿಲ್ಲ. ತುಂಬಾ ಜನ ಕಲ್ಪನೆಯಲ್ಲೂ ಇದನ್ನು ಹಾರಿಸುತ್ತಾರೆ, ಸುಮ್ನೆ ತಮ್ಮ ಜಾತಿಯವನನ್ನೇ ಕಟ್ಟಿಕೊಂಡುಬಿಟ್ಟಿರುತ್ತಾರೆ, ಅದು ಅವರಿಗೆ ಗೊತ್ತೂ ಆಗಿರುವುದಿಲ್ಲ. ನನಗೂ ಗೊತ್ತಾಗಿರಲಿಲ್ಲ. ಪ್ರಶ್ನೆ ಬಂದಾಗ ನೀವು ಎಲ್ಲಿದ್ದೀರಿ ಅಂತ ಬರೆಯಿರಿ. ಪಕ್ಕದಲ್ಲೇ ಕೂತಿದ್ದೀರಾ? ಕಾಫಿ ತರೋ ನೆಪದಲ್ಲಿ ಎದ್ದು ಹೋದಿರಾ? ನಾನು ಮೊದಲ ಸಲ ಕಾಫಿ ತರೋಕೆ ಹೋದೆ. ಎರಡನೇ ಸಲ ಆಡುವಾಗ ಅಲ್ಲೇ ಕೂತೆ. ಬಾಯಿ ಮಾತ್ರ ತೆಗೆಯಲಿಲ್ಲ. ಮೂರನೇ ಸಲದ್ದು ಇನ್ನೂ ಬರೆದಿಲ್ಲ.

ಹೆಜ್ಜೆ 9: ಗುಲಾಬಿ

ಶೋನಲ್ಲಿ ಉದ್ದ ಕಾಂಡದ ಕೆಂಪು ಗುಲಾಬಿ, ಒಂದೊಂದೇ. ನಮ್ಮೂರಲ್ಲಿ ಗುಲಾಬಿ ಕೆಜಿ ಲೆಕ್ಕ. ಹೂವಿನ ಮಾರ್ಕೆಟ್ಟಿಗೆ ಬೆಳಗ್ಗೆ ಹೋದರೆ ಕಾಂಡವಿಲ್ಲದ ಬಿಡಿ ಗುಲಾಬಿ, ಸೇವಂತಿಗೆ, ಚೆಂಡುಹೂವು ಮೂಟೆಗಟ್ಟಲೆ ಸುರಿದಿರುತ್ತದೆ. ಹಬ್ಬದ ಹಿಂದಿನ ದಿನ ಬೆಲೆ ಮುಟ್ಟೋ ಹಾಗಿರುವುದಿಲ್ಲ. ರೇಟು ಬಿದ್ದ ದಿನ ರಸ್ತೆ ಪಕ್ಕ ಚೆಲ್ಲಿ ಹೋಗುತ್ತಾರೆ. ಆ ರಾಶಿ ದಾಟಿಕೊಂಡು ದಿನಾ ಬಸ್‌ಸ್ಟ್ಯಾಂಡಿಗೆ ನಡೆಯುವ ನಾನು, ಟಿವಿಯ ಆ ಒಂದು ಗುಲಾಬಿಗೆ ಉಸಿರು ಬಿಗಿಹಿಡಿದು ಕೂತಿದ್ದೆ ಅನ್ನೋದು ನನಗೇ ನಗು ಬರಿಸುತ್ತದೆ.

ಸಾಲಲ್ಲಿ ನಿಲ್ಲಿ. ಹೆಸರು ಕೂಗುತ್ತಾರೆ. ಕೊನೆಯದು ಒಂದು ಉಳಿದಿದೆ. ನೀವೂ ತುಮಕೂರಿನವಳೂ ಇದ್ದೀರಿ. ಮೊದಲ ಸಲ ಆಡುವಾಗ ನೀವು ಸೋಲಲೇಬೇಕು. ಇದು ನನ್ನ ನಿಯಮ, ರಿಯಾಯಿತಿ ಇಲ್ಲ. ಗೆಲ್ಲುವ ಕಲ್ಪನೆಯನ್ನು ನಾವು ಚಿಕ್ಕಂದಿನಿಂದ ಅಭ್ಯಾಸ ಮಾಡಿದ್ದೇವೆ. ಅದರಲ್ಲಿ ಹೊಸದೇನೂ ಸಿಗುವುದಿಲ್ಲ. ಅವಳ ಹೆಸರು ಕರೆದಾಗ ನಿಮ್ಮ ಮುಖ ಹೇಗಿತ್ತು, ಕೈ ಎಲ್ಲಿತ್ತು ಅಂತ ಬರೆಯಿರಿ. ಚಪ್ಪಾಳೆ ತಟ್ಟಿದಿರಾ? ಎಷ್ಟು ಬೇಗ ತಟ್ಟಿದಿರಿ?

ಹೆಜ್ಜೆ 10: ಕಾರು

ಸೋತವರು ಕಾರು ಹತ್ತುತ್ತಾರೆ. ಹಿಂದಿನ ಸೀಟು, ಎದುರಿಗೆ ಒಂದು ಕ್ಯಾಮೆರಾ. ಕತ್ತಲಲ್ಲಿ ಹೋಗುತ್ತಾ ಮಾತಾಡುತ್ತಾರೆ. ಅಳುತ್ತಾರೆ, ರೇಗುತ್ತಾರೆ, ಕೆಲವರು ನಗುತ್ತಾರೆ. ಶೋನಲ್ಲಿ ನನಗೆ ಇಷ್ಟವಾಗುವುದು ಇದೊಂದೇ ಭಾಗ. ಯಾಕೆ ಆಗಲಿಲ್ಲ ಅಂತ ಸೋತವರನ್ನೇ ಕೇಳುತ್ತಾರೆ. ಅವರು ಹೇಳುವ ತನಕ ಕ್ಯಾಮೆರಾ ಕಾಯುತ್ತದೆ.

ನನ್ನನ್ನು ಯಾರೂ ಕೇಳಿರಲಿಲ್ಲ. ಕೆಲವು ವರ್ಷದ ಹಿಂದೆ ಒಂದು ಭಾನುವಾರ ನನ್ನನ್ನು ನೋಡಲು ಒಂದು ಮನೆಯವರು ಬಂದಿದ್ದರು. ಎರಡು ಕಾರು, ಹನ್ನೊಂದು ಜನ. ಉಪ್ಪಿಟ್ಟು, ಕೇಸರಿಬಾತು, ಕಾಫಿ. ನಲವತ್ತು ನಿಮಿಷ. ಹುಡುಗನ ಜೊತೆ ಮಾತಾಡಲು ಟೆರೇಸಿಗೆ ಕಳಿಸಿದರು. ಅವನು ನೀರಿನ ಟ್ಯಾಂಕ್ ಎಷ್ಟು ಲೀಟರ್ ಅಂತ ಕೇಳಿದ. ಸಾವಿರ ಅಂದೆ. ‘ಫೋನ್ ಮಾಡ್ತೀವಿ’ ಅಂತ ಹೋದರು. ಮಾಡಲಿಲ್ಲ. ಎರಡು ವಾರ ಆದಮೇಲೆ ಯಾರ ಮೂಲಕವೋ ಜಾತಕ ಕೂಡಲಿಲ್ಲ ಅಂತ ಗೊತ್ತಾಯಿತು. ಮನೆಯಲ್ಲಿ ಯಾರೂ ಆ ಮಾತು ಎತ್ತಲಿಲ್ಲ, ನನಗೆ ನೋವಾಗುತ್ತೆ ಅಂತ.

ಕಾರಿನ ಪುಟ ಬರೆಯುವುದಕ್ಕೆ ಮೂರು ಸೂಚನೆ ಕೊಡುತ್ತೇನೆ. ಹೊರಗೆ ಏನು ಕಾಣುತ್ತಿದೆ ಅಂತ ಮೊದಲು ಬರೆಯಿರಿ. ನನ್ನ ಕಾರು ದೇವನಹಳ್ಳಿ ದಾಟಿ ಹೈವೇನಲ್ಲಿ ಬರುತ್ತಿತ್ತು, ಎಡಕ್ಕೆ ಕತ್ತಲಲ್ಲಿ ನಂದಿ ಬೆಟ್ಟ, ಮೇಲೆ ಒಂದೆರಡು ದೀಪ. ಪ್ರೊಡ್ಯೂಸರ್ ಒಂದೇ ಪ್ರಶ್ನೆ ಕೇಳಲಿ: ‘ಏನಾಯ್ತು?’ ಉತ್ತರವನ್ನು 7ನೇ ಹೆಜ್ಜೆಯ ಹಾಗೆ ಪೂರ್ತಿ ವಾಕ್ಯದಲ್ಲೇ ಬರೆಯಿರಿ, ಕತ್ತರಿಸಬೇಡಿ. ಬರೆದದ್ದನ್ನು ಯಾರಿಗೂ ತೋರಿಸಬೇಕಿಲ್ಲ.

ನಾನು ಗುಲಾಬಿ ಸಿಗದ ಬಗ್ಗೆ, ಆ ತುಮಕೂರಿನವಳ ಬಗ್ಗೆ ಬರೆಯಬೇಕು ಅಂತ ಕೂತೆ. ಪೆನ್ನು ಬರೆದದ್ದು ಇದು:

‘ಏನಾಯ್ತು ಅಂದ್ರೆ, ಆ ಭಾನುವಾರ ಉಪ್ಪಿಟ್ಟಿಗೆ ಉಪ್ಪು ಜಾಸ್ತಿ ಆಗಿತ್ತು. ಮಾಡಿದ್ದು ಚಿಕ್ಕಮ್ಮ. ನಾನೇ ಮಾಡಿದ್ದು ಅಂತ ಹೇಳು ಅಂದಿದ್ರು, ನಾನು ಹೇಳಿದೆ. ಆಮೇಲೆ ಚಿಕ್ಕಮ್ಮ ನನ್ನ ಕಡೆ ನೋಡಲಿಲ್ಲ. ನನಗೆ ಉಪ್ಪಿಟ್ಟು ಮಾಡೋಕೆ ಬರಲ್ಲ.’